ನನ್ನ ಬದಲಿಗೆ ಬಂದವಳು

ಆ ಹುಡುಗಿ ಬರುವ ಹಿಂದಿನ ದಿನ ಅಪ್ಪ ತಾವೇ ನಿಂತು ನನ್ನ ಕೋಣೆ ಖಾಲಿ ಮಾಡಿಸಿದರು. ನನ್ನ ಪುಸ್ತಕಗಳೆಲ್ಲ ಎರಡು ಗೋಣಿಚೀಲ ಸೇರಿ ಸ್ಟೋರ್ ರೂಮಿನ ಅಕ್ಕಿ ಡಬ್ಬದ ಪಕ್ಕಕ್ಕೆ ಹೋದವು. ನನಗೆ ಹಾಲಿನಲ್ಲಿ ಅಜ್ಜಿಯ ಮಂಚದ ಪಕ್ಕ ಚಾಪೆ. ಕೋಣೆಗೆ ಹೊಸ ಹಾಸಿಗೆ, ಹೂವಿನ ಪರದೆ, ಒಂದು ಟೇಬಲ್ ಫ್ಯಾನ್ ಬಂದವು. ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಕಮೋಡು. ಅಜ್ಜಿಗೆ ಮಂಡಿ ನೋವು ಶುರುವಾಗಿ ಐದು ವರ್ಷವಾಗಿತ್ತು. ಕೂರಲಾಗದೆ, ಏಳಲಾಗದೆ ಗೋಡೆ ಹಿಡಿದು ಒದ್ದಾಡುತ್ತಿದ್ದರು. ಅಜ್ಜಿಗಾಗಿ ಐದು ವರ್ಷದಲ್ಲಿ ಬಾರದ ಕಮೋಡು ಆ ಹುಡುಗಿಗಾಗಿ ಒಂದೇ ವಾರದಲ್ಲಿ ಬಂತು.

ಎಪ್ಪತ್ತರ ದಶಕದ ಕೊನೆಯ ಭಾಗ. ನಮ್ಮ ಮನೆ ಜಯನಗರದಲ್ಲಿ, ಶಾಪಿಂಗ್ ಕಾಂಪ್ಲೆಕ್ಸಿಗೆ ನಡೆದು ಹೋಗುವಷ್ಟು ಹತ್ತಿರ. ಅಪ್ಪ ಬ್ಯಾಂಕಿನಲ್ಲಿ ಆಫೀಸರು. ಸಂಜೆ ಕೋಟು ಹಾಕಿಕೊಂಡು ಹೋಗುವ ಒಂದು ಕ್ಲಬ್ಬಿಗೆ ಸೇರಿದ್ದರು. ಆ ಕ್ಲಬ್ಬಿನವರು ವಿದ್ಯಾರ್ಥಿಗಳನ್ನು ದೇಶದಿಂದ ದೇಶಕ್ಕೆ ಅದಲು ಬದಲು ಮಾಡುತ್ತಿದ್ದರು. ಅಲ್ಲಿಯ ಮನೆಯ ಮಗು ಒಂದು ವರ್ಷ ಇಲ್ಲಿರಬೇಕು, ಇಲ್ಲಿಯ ಮಗು ಮರುವರ್ಷ ಅಲ್ಲಿರಬೇಕು. ನನಗೆ ಹದಿನಾರು, ಎರಡನೇ ಪಿಯುಸಿ. ಕ್ಲಬ್ಬಿನ ಮೂವರು ಹಿರಿಯರ ಮುಂದೆ ಕೂತು ಇಂಗ್ಲಿಷಿನಲ್ಲಿ ಮುಕ್ಕಾಲು ಗಂಟೆ ಉತ್ತರ ಹೇಳಿ ನಾನು ಆಯ್ಕೆಯಾಗಿದ್ದೆ. ಡೆನ್ಮಾರ್ಕಿನಿಂದ ಒಬ್ಬಳು ನಮ್ಮ ಮನೆಗೆ, ಪಿಯುಸಿ ಮುಗಿದ ಮೇಲೆ ನಾನು ಅವಳ ಮನೆಗೆ. ಶಾಲೆಯ ಅಟ್ಲಾಸಿನಲ್ಲಿ ಆ ದೇಶ ನನ್ನ ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಿತ್ತು. ಮನೆಯಲ್ಲಿ ಯಾರೂ ಇಲ್ಲದಾಗ ದೋಸೆಯನ್ನು ಚಾಕುವಿನಿಂದ ಕತ್ತರಿಸಿ ಚಮಚದಲ್ಲಿ ತಿಂದು ಅಭ್ಯಾಸ ಮಾಡುತ್ತಿದ್ದೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅವಳು ಬಂದಿಳಿದಾಗ ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಏನೇ ಇದು, ದೊರೆಸಾನಿ ಹಂಗವ್ಳಲ್ಲೇ" ಎಂದರು. ಅಂದಿನಿಂದ ಮನೆಯಲ್ಲಿ ಅವಳ ಹೆಸರು ದೊರೆಸಾನಿ ಎಂದೇ ಆಯಿತು. ಅವಳಿಗೆ ಹದಿನೇಳು. ಕತ್ತಿನ ತನಕ ಕತ್ತರಿಸಿದ ಕೂದಲು, ಬಿಸಿಲಿಗೆ ಸಿಪ್ಪೆ ಏಳುವ ಮೂಗು.

ಮೊದಲ ತಿಂಗಳು ಅವಳ ಪಾಡು ನಾಯಿಪಾಡು ಎಂದು ಈಗ ಹೇಳಬಲ್ಲೆ. ಆಗ ನನಗೆ ಕಾಣಿಸಿರಲಿಲ್ಲ. ಸಾರಿನ ಖಾರಕ್ಕೆ ಕಣ್ಣಲ್ಲಿ ನೀರು. ಕೈಯಲ್ಲಿ ಅನ್ನ ಕಲಸಲು ಹೋದರೆ ಮೊಣಕೈವರೆಗೆ ಸೋರುವುದು. ಬೆಳಕು ಹರಿಯುವ ಮುಂಚೆ ಬಂದು ಹೋಗುವ ನಲ್ಲಿ ನೀರು, ಬಕೆಟ್ಟು, ಚೊಂಬು. ಕಿಟಕಿಯ ಸರಳುಗಳಿಗೆ ಅಂಟಿಕೊಂಡು "ಹಲೋ, ಹಲೋ" ಎನ್ನುವ ಬೀದಿ ಮಕ್ಕಳು. ನನ್ನ ಕಾಲೇಜಿಗೇ ಅವಳನ್ನೂ ಸೇರಿಸಿದ್ದರು. ಬಸ್ಸಿನಲ್ಲಿ ಅವಳು ಹತ್ತಿದ ಕೂಡಲೇ ಮಾತು ನಿಲ್ಲುತ್ತಿತ್ತು. ನೀರು ಬರುವ ಹೊತ್ತಿಗೆ ಬಚ್ಚಲಲ್ಲಿ ನಲ್ಲಿ ಪೂರ್ತಿ ತಿರುಗಿಸಿಟ್ಟು ಅವಳು ಅಳುತ್ತಿದ್ದುದನ್ನು ನಾನು ಎರಡು ಸಲ ಕೇಳಿದ್ದೇನೆ. ಅಮ್ಮನಿಗೆ ಹೇಳಲಿಲ್ಲ. 'ಅಳಲಿ, ನನ್ನ ಕೋಣೆಯಲ್ಲೇ ತಾನೇ ಮಲಗೋದು' ಎಂದುಕೊಂಡೆ.

ಅವಳು ಎಲ್ಲರೊಂದಿಗೂ ಮಾತಾಡುತ್ತಿದ್ದಳು, ನನ್ನೊಬ್ಬಳನ್ನು ಬಿಟ್ಟು. ನಿಮ್ಮೂರು ಹೇಗಿದೆ, ಚಳಿಗೆ ಏನು ಹಾಕಿಕೊಳ್ಳುತ್ತೀರಿ ಎಂದು ಕೇಳಿದರೆ ಒಂದೊಂದೇ ಪದದ ಉತ್ತರ ಕೊಟ್ಟು ಎದ್ದು ಹೋಗುತ್ತಿದ್ದಳು. ಬಿಳಿ ತೊಗಲಿನ ಜಂಬ ಎಂದು ನಾನು ತೀರ್ಮಾನ ಮಾಡಿಬಿಟ್ಟೆ.

ಒಂದು ಶನಿವಾರ ಮಧ್ಯಾಹ್ನ ಅವಳು ಯಾರಿಗೂ ಹೇಳದೆ ನಡೆದು ಹೊರಟುಹೋದಳು. ಬನಶಂಕರಿ ದಾಟಿ ಇಟ್ಟಮಡುವಿನ ತನಕ. ಆಗ ಅದಿನ್ನೂ ಹೊಲಗಳ ನಡುವಿನ ಹಳ್ಳಿ. ಯಾರೋ ಹೆಂಗಸು ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರಂತೆ, ಏನೂ ಕೇಳದೆ ಸುಮ್ಮನೆ ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಾ ಇದ್ದರಂತೆ. ಸಂಜೆ ಅವಳು ಬಂದಾಗ ಮುಖ ಕೆಂಪಾಗಿತ್ತು, ಚಪ್ಪಲಿ ತುಂಬಾ ಕೆಮ್ಮಣ್ಣು. ಬಂದ ಮೇಲೆ ಮೊದಲ ಸಲ ಅವಳು ಬಾಯಿ ತುಂಬ ನಗುತ್ತಿದ್ದಳು.

ಅಪ್ಪ ಬೈದದ್ದು ನನಗೆ. "ನೀನೆಲ್ಲಿ ಸತ್ತಿದ್ದೆ? ಮನೆಗೆ ಬಂದ ಹುಡುಗೀನ ನೋಡ್ಕೊಳ್ಳಕ್ಕಾಗಲ್ವಾ ನಿನಗೆ?"

ಅವಳು ಇಂಗ್ಲಿಷಿನಲ್ಲಿ, ನನಗೆ ಒಬ್ಬಳೇ ನಡೆಯುವ ಅಭ್ಯಾಸ, ದಯವಿಟ್ಟು ಬಿಡಿ ಎಂದಳು. ಅಪ್ಪ ಕರಗಿಹೋದರು. ಅಂದಿನಿಂದ ಶನಿವಾರ ಮಧ್ಯಾಹ್ನ ಅವಳು ಒಬ್ಬಳೇ ನಡೆಯಬಹುದು. "ನಾನೂ ಹೋಗ್ಲಾ?" ಎಂದೆ. "ನಿಂಗ್ಯಾಕೆ ಬೀದಿ ಸುತ್ತೋ ಚಟ?" ಎಂದರು.

ನಮ್ಮ ಮನೆಯಲ್ಲಿ ಮುಟ್ಟಾದ ಮೂರು ದಿನ ಹಿತ್ತಲ ಕಡೆಯ ವರಾಂಡದಲ್ಲಿ ಕೂರಬೇಕಿತ್ತು. ಬೇರೆ ತಟ್ಟೆ, ಬೇರೆ ಲೋಟ, ಬೇರೆ ಚಾಪೆ. ಅಮ್ಮ ಮೇಲಿನಿಂದ ಬಡಿಸುತ್ತಿದ್ದರು. ದೊರೆಸಾನಿಗೆ ಮಾತ್ರ ಆ ನಿಯಮವಿರಲಿಲ್ಲ. "ಅವರ ಪದ್ಧತಿ ಬೇರೆ, ಅಜ್ಜಿಗೆ ಹೇಳ್ಬೇಡ" ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿದ್ದರು. ಅವಳು ಆ ದಿನಗಳಲ್ಲೂ ಅಪ್ಪನ ಪಕ್ಕ ಕೂತು ಹೋಳಿಗೆ ತಿನ್ನುತ್ತಿದ್ದಳು. ನಾನು, ಆ ಮನೆಯಲ್ಲೇ ಹುಟ್ಟಿದವಳು, ಬಾಗಿಲಾಚೆ.

ಅಕ್ಟೋಬರಿನ ಒಂದು ದಿನ ನಾನು ಹಾಗೆ ಕೂತಿದ್ದಾಗ ಅವಳು ವರಾಂಡಕ್ಕೆ ಬಂದಳು. ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ.

"ನಿನಗೆ ಪ್ರತಿ ತಿಂಗಳೂ ಜ್ವರ ಬರುತ್ತಾ?"

ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ನನ್ನ ತಟ್ಟೆ ನೋಡಿದಳು. ಆಮೇಲೆ ಒಳಗೆ ಹೋಗಿ ತನ್ನ ದಿಂಬು, ತನ್ನ ತಟ್ಟೆ ಹಿಡಿದು ಬಂದು, ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದ ಅಜ್ಜಿಗೆ ತನ್ನ ಮುರುಕು ಕನ್ನಡದಲ್ಲಿ, "ಅಜ್ಜಿ, ನಾನು ಕೂಡ ಹೊರಗೆ" ಎಂದಳು.

ಅಜ್ಜಿಗೆ ಖುಷಿಯೋ ಖುಷಿ. "ನೋಡಿದ್ಯಾ, ದೊರೆಸಾನಿಗೂ ನಮ್ಮ ಆಚಾರ ಬಂತು" ಎಂದರು.

ನನಗೆ ಖುಷಿಯಾಗಲಿಲ್ಲ. "ನಿನಗಿದು ಮೂರು ದಿನದ ಪಿಕ್ನಿಕ್. ಊರಿಗೆ ಹೋಗಿ ಕತೆ ಹೇಳ್ತೀಯ. ನಾನು ಮುದುಕಿಯಾಗೋ ತನಕ ಇಲ್ಲೇ ಕೂರ್ಬೇಕು" ಎಂದೆ.

ಅವಳಿಗೂ ಸಿಟ್ಟು ಬಂತು. ಮೂಗಿನ ಸುತ್ತ ಬಿಳಿಚಿತು. "ಹಾಗಾದ್ರೆ ನಮ್ಮ ಮನೆಗೆ ಬರೋದಿಲ್ಲ ಅಂತ ಯಾಕೆ ಹೇಳಿದೆ?"

"ಯಾರು ಹೇಳಿದ್ದು?"

"ನೀನೇ. ನಿಮ್ಮಪ್ಪ ಜೂನಲ್ಲೇ ಕಾಗದ ಬರೆದಿದ್ರಲ್ಲ. ಮಗಳಿಗೆ ಮನೆ ಬಿಟ್ಟು ಬರೋದಕ್ಕೆ ಇಷ್ಟ ಇಲ್ಲ ಅಂತ. ಅಷ್ಟು ಹೊತ್ತಿಗೆ ನಮ್ಮಮ್ಮ ನಿನಗೋಸ್ಕರ ಕೋಣೆಗೆ ಬಣ್ಣ ಹೊಡೆಸಿಯಾಗಿತ್ತು. ಹಳದಿ ಬಣ್ಣ. ಇಂಡಿಯಾದವರಿಗೆ ಇಷ್ಟ ಆಗಬಹುದು ಅಂತ. ನಮ್ಮನೆ ನಿನಗೆ ಬೇಡ, ನಿಮ್ಮನೆಗೆ ಮಾತ್ರ ನಾನು ಬರಬೇಕಾ ಅಂತ ನನಗೆ ನಿನ್ನ ಮುಖ ನೋಡೋದಕ್ಕೇ ಆಗ್ತಿರಲಿಲ್ಲ."

ಜೂನ್. ಅವಳು ಬರುವುದಕ್ಕೆ ಒಂದು ತಿಂಗಳು ಮುಂಚೆ. ನಾನು ದೋಸೆ ಕತ್ತರಿಸುತ್ತಾ ಕೂತಿದ್ದ ತಿಂಗಳು. ಅಪ್ಪ ನನ್ನ ಕೋಣೆ ಖಾಲಿ ಮಾಡಿಸುವಾಗ "ಮುಂದಿನ ವರ್ಷ ನಿಂಗೂ ಹೀಗೇ ರೂಮ್ ಕೊಡ್ತಾರಮ್ಮ" ಎಂದಿದ್ದರು. ಆಗಲೇ ಕಾಗದ ಸಮುದ್ರ ದಾಟಿತ್ತು.

ನಾನು ಅಳಲಿಲ್ಲ. ಆ ಕಾಗದದ ವಿಷಯವೇ ನನಗೆ ಗೊತ್ತಿರಲಿಲ್ಲ ಎಂದೆ. ವಿಷಯ ತಿಳಿದಾಗ ಅವಳು ತನ್ನ ಭಾಷೆಯಲ್ಲಿ ಏನೋ ಬೈದಳು. ಅರ್ಥವಾಗದಿದ್ದರೂ ಹಿತವಾಗಿತ್ತು. ಆ ಮೂರು ದಿನ ನಾವಿಬ್ಬರೂ ಒಂದೇ ಚಾಪೆಯಲ್ಲಿ ಮಲಗಿದೆವು. ಅವಳು ತನ್ನ ಊರಿನ ಬೀದಿಗಳನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ತೋರಿಸಿದಳು.

ಅಪ್ಪನನ್ನು ಕೇಳಲು ನಾನು ಎರಡು ವಾರ ತೆಗೆದುಕೊಂಡೆ. ಧೈರ್ಯವಿರಲಿಲ್ಲ. ಕೊನೆಗೆ ಬಾಯಿ ಬಂದದ್ದು ಒಂದು ಭಾನುವಾರ, ಕ್ಲಬ್ಬಿನ ನಾಲ್ಕು ಜನ ಪತ್ನಿಸಮೇತ ಬಂದಿದ್ದಾಗ. ದೊರೆಸಾನಿಗೆ ಅಮ್ಮನ ಮದುವೆಯ ರೇಷ್ಮೆ ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ, ಹಾಲಿನ ನಡುವೆ ಕೂರಿಸಿದ್ದರು. "ಎಲ್ಲಿ, ಸಾರ್‌ಗೆ ಕನ್ನಡದಲ್ಲಿ ಏನಾದ್ರೂ ಹೇಳಮ್ಮ" ಎಂದು ಅಪ್ಪ ಗಿಣಿಗೆ ಹೇಳಿದ ಹಾಗೆ ಹೇಳುತ್ತಿದ್ದರು. ನಾನು ಕೇಸರಿಬಾತಿನ ತಟ್ಟೆಗಳನ್ನು ಹಂಚುತ್ತಿದ್ದೆ.

ನನ್ನನ್ನು ಸಂದರ್ಶನ ಮಾಡಿದ್ದ ಹಿರಿಯರೊಬ್ಬರು ತಟ್ಟೆ ತೆಗೆದುಕೊಳ್ಳುತ್ತಾ, "ನೀನು ಹೋಗ್ಬೇಕಿತ್ತು ಕಣಮ್ಮ. ಒಳ್ಳೇ ಚಾನ್ಸು" ಎಂದರು.

"ಅವಳಿಗೇ ಇಷ್ಟ ಇಲ್ಲ ಸಾರ್" ಎಂದು ಅಪ್ಪ ನಕ್ಕರು. "ಅಮ್ಮನ ಸೆರಗು ಬಿಡೋಳಲ್ಲ ಇವಳು."

"ಸುಳ್ಳು" ಎಂದೆ.

ಕೈಯಲ್ಲಿದ್ದ ತಟ್ಟೆಗಳನ್ನು ಟೀಪಾಯಿಯ ಮೇಲಿಟ್ಟೆ.

"ನಾನು ಯಾವತ್ತು ಇಷ್ಟ ಇಲ್ಲ ಅಂದೆ ಅಪ್ಪ? ನನ್ನನ್ನ ಕೇಳಿದ್ದು ಯಾವತ್ತು? ಜೂನಲ್ಲೇ ಕಾಗದ ಬರೆದ್ರಂತಲ್ಲ, ನನ್ನ ಹೆಸರಲ್ಲಿ ಸುಳ್ಳು ಯಾಕೆ ಬರೆದ್ರಿ?"

ಅಪ್ಪ ನಗಲು ನೋಡಿದರು. "ಮಕ್ಕಳಾಟ ಸಾರ್…"

ಆಗ ದೊರೆಸಾನಿ ಎದ್ದು ನಿಂತಳು. ಉಡಿಸಿದ್ದ ಸೀರೆಯ ನಿರಿಗೆ ಕಾಲಿಗೆ ಸಿಕ್ಕಿ ಜಾರಿತು, ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹೇಳಿದಳು: "ನಮ್ಮಮ್ಮ ರೂಮ್ ಪೇಂಟ್ ಮಾಡಿದ್ರು. ಇವಳು ಬರ್ತಾಳೆ ಅಂತ."

ಅದೇ ಅವರು ಕೇಳಿದ ಕನ್ನಡ. ಅತಿಥಿಗಳು ಕಾಫಿ ಕುಡಿಯದೆ ಎದ್ದರು. ಗೇಟು ಹಾಕಿದ ಮೇಲೆ ಅಮ್ಮ ನನ್ನ ಕೆನ್ನೆಗೆ ಬಾರಿಸಿದರು. "ನಾಲ್ಕು ಜನರ ಮುಂದೆ ಕೇಳೋ ಮಾತಾ ಅದು?"

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಹೇಳಿದ್ರೆ ನೀನು ಪರೀಕ್ಷೆಗೆ ಓದ್ತಿರ್ಲಿಲ್ಲ."

ಅಪ್ಪನ ಸುಳ್ಳಿಗಿಂತ ಈ ಮಾತು ನನ್ನನ್ನು ಹೆಚ್ಚು ಉರಿಸಿತು. ಇಂದಿಗೂ ಉರಿಸುತ್ತದೆ.

ಇಷ್ಟಾದರೂ ದಾರಿ ಮುಚ್ಚಿರಲಿಲ್ಲ. ದೊರೆಸಾನಿ ಮನೆಗೆ ಬರೆದಳು. ಡಿಸೆಂಬರಿನಲ್ಲಿ ಅವಳ ಅಮ್ಮನಿಂದ ನನ್ನ ಹೆಸರಿಗೇ ಕಾಗದ ಬಂತು: ನಿನ್ನ ಜಾಗವನ್ನು ಯಾರಿಗೂ ಕೊಟ್ಟಿಲ್ಲ, ಬಾ. ಪಾಸ್‌ಪೋರ್ಟಿನ ಅರ್ಜಿ ತಂದು ತುಂಬಿದೆ. ನಾನಿನ್ನೂ ಚಿಕ್ಕವಳಾದ್ದರಿಂದ ಅಪ್ಪನ ಸಹಿ ಬೇಕಿತ್ತು. ಬೆಳಗ್ಗೆ ಪೇಪರ್ ಓದುತ್ತಿದ್ದವರ ಮುಂದೆ ಅರ್ಜಿ, ಪೆನ್ನು ಇಟ್ಟೆ.

"ಹಾಕಲ್ಲ" ಎಂದರು. ಕೂಗಲಿಲ್ಲ, ಬೈಯಲಿಲ್ಲ. "ಅಲ್ಲೆಲ್ಲೋ ಯಾರದೋ ಮನೇಲಿ ಒಂದು ವರ್ಷ ಇದ್ದು ಬಂದೋಳನ್ನ ಯಾರು ಮದುವೆ ಆಗ್ತಾರೆ?"

"ಇವಳೂ ಯಾರದೋ ಮನೇಲೇ ಇದಾಳಲ್ಲ ಅಪ್ಪ."

"ಅವರ ಮಾತು ಬೇರೆ."

ಅರ್ಜಿಯನ್ನು ನೀಟಾಗಿ ಮಡಿಸಿ ನನಗೇ ವಾಪಸು ಕೊಟ್ಟರು. ಪಕ್ಕದ ಕುರ್ಚಿಯಲ್ಲಿ ದೊರೆಸಾನಿ ಇಡ್ಲಿ ಮುರಿದು ಚಟ್ನಿಗೆ ಅದ್ದಿ ತಿನ್ನುತ್ತಿದ್ದಳು. ಅಷ್ಟು ಹೊತ್ತಿಗೆ ಅವಳ ಕೈ ಪಳಗಿತ್ತು, ಒಂದು ಹನಿ ಸೋರುತ್ತಿರಲಿಲ್ಲ. ಅವಳು ತಿನ್ನುವುದನ್ನು ನಿಲ್ಲಿಸಿದಳು, ಅಷ್ಟೇ. ಅಂದಿನಿಂದ ಊರಿಗೆ ಹೊರಡುವ ತನಕ ಅಪ್ಪನೊಂದಿಗೆ ಅವಳು ಅಗತ್ಯವಿದ್ದಷ್ಟು ಮಾತ್ರ ಮಾತಾಡಿದಳು.

ಮೇ ತಿಂಗಳಲ್ಲಿ ಅವಳು ಹೊರಟಳು. ಅಜ್ಜಿಯ ಕಾಲಿಗೆ ಬಿದ್ದಳು; ಅಜ್ಜಿ ರವಿಕೆ ಕಣ ಕೊಟ್ಟು ಅತ್ತರು. ಅಮ್ಮನನ್ನು ತಬ್ಬಿಕೊಂಡಳು. ಅಪ್ಪ ಆಶೀರ್ವಾದಕ್ಕೆ ಕೈ ಎತ್ತಿಕೊಂಡು ನಿಂತಿದ್ದರು. ಅವಳು ಸೂಟ್‌ಕೇಸ್ ಎತ್ತಿಕೊಂಡು ಅವರ ಮುಂದೆಯೇ ನಡೆದು ಆಟೋ ಹತ್ತಿದಳು. "ಸಂಸ್ಕಾರ ಇಲ್ಲದ ಜನ" ಎಂದು ಅಪ್ಪ ಆಮೇಲೆ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದರು.

ನಾನು ಡೆನ್ಮಾರ್ಕಿಗೆ ಹೋಗಲಿಲ್ಲ. ಆದರೆ ಆ ಭಾನುವಾರದ ನಂತರ ಅಪ್ಪನಿಗೆ ನನ್ನ ಬಾಯಿಯ ಭಯ ಹುಟ್ಟಿತ್ತು, ಅದನ್ನು ನಾನು ಚೆನ್ನಾಗಿ ಬಳಸಿಕೊಂಡೆ. ಬಿಎಸ್ಸಿಯ ಎರಡನೇ ವರ್ಷದಲ್ಲಿ ಗಂಡಿನ ಕಡೆಯವರು ನೋಡಲು ಬರುತ್ತಾರೆ ಎಂದಾಗ, "ಬರಲಿ. ನನಗೆ ಓದೋದಿದೆ ಅಂತ ಅವರ ಮುಂದೇನೇ ಹೇಳ್ತೀನಿ" ಎಂದೆ. ಅಪ್ಪ ನನ್ನ ಮುಖ ನೋಡಿ, ಹಣೆ ಒರೆಸಿಕೊಂಡು, ಅವರಿಗೆ ಬೇಡವೆಂದು ಹೇಳಿ ಕಳಿಸಿದರು. ಹಿತ್ತಲ ವರಾಂಡದಲ್ಲಿ ಕೂರುವುದನ್ನೂ ಅದೇ ವರ್ಷ ನಿಲ್ಲಿಸಿದೆ. ಅಜ್ಜಿ ಎರಡು ತಿಂಗಳು ನನ್ನ ಕೈಯಿಂದ ನೀರು ಮುಟ್ಟಲಿಲ್ಲ, ಮೂರನೆಯ ತಿಂಗಳು ಮುಟ್ಟಿದರು. ಎಮ್ಮೆಸ್ಸಿ ಮುಗಿಸಿ, ಎಂಬತ್ತರ ದಶಕದ ನಡುವಿನಲ್ಲಿ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಹೇಳಿಕೊಡಲು ಸೇರಿದೆ.

ಕೋಪ ಮಾತ್ರ ಇಳಿಯಲಿಲ್ಲ. ವಯಸ್ಸಾದ ಮೇಲೆ ತಂದೆ ತಾಯಿ ಅರ್ಥವಾಗುತ್ತಾರೆ ಎನ್ನುತ್ತಾರೆ. ನನಗೆ ಅರ್ಥವಾಗಿದ್ದಾರೆ. ಅಪ್ಪನ ಅಂಜಿಕೆ ಯಾವುದೆಂದು ನನಗೆ ಗೊತ್ತು, ಅಮ್ಮನಿಗೆ ಬೇರೆ ದಾರಿ ಇರಲಿಲ್ಲವೆಂದೂ ಗೊತ್ತು. ಗೊತ್ತಿದ್ದರೂ ಆ ವರ್ಷ ನನಗೆ ವಾಪಸು ಬಂದಿಲ್ಲ.

ದೊರೆಸಾನಿಯ ಮೊದಲ ಕಾಗದ ಅವಳು ಹೋದ ಎರಡು ತಿಂಗಳಿಗೆ ಬಂದಿತ್ತು. ಅಲ್ಲಿ ಯಾರೂ ಯಾರ ಮನೆಗೂ ಹೇಳದೆ ಬರುವುದಿಲ್ಲ, ಊಟಕ್ಕೆ ರುಚಿಯಿಲ್ಲ, ಹಳೆಯ ಗೆಳತಿಯರ ಜೊತೆ ಜಗಳ, ತನ್ನೂರಿಗೆ ತಾನೇ ಪರದೇಶಿಯ ಹಾಗೆ ಆಗಿದ್ದೇನೆ ಎಂದು ಬರೆದಿದ್ದಳು. ನನಗೆ ಕನಿಕರ ಬರಲಿಲ್ಲ. 'ಹೋಗಿ ಬಂದು ಪರದೇಶಿಯಾಗುವ ಭಾಗ್ಯವಾದರೂ ಇತ್ತಲ್ಲ ನಿನಗೆ' ಎನ್ನಿಸಿ ಒಂದು ತಿಂಗಳು ಉತ್ತರ ಬರೆಯಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಕೂತು, ನನಗೆ ಅನ್ನಿಸಿದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆದು, ನಾನೇ ನಡೆದು ಹೋಗಿ ಪೋಸ್ಟ್ ಡಬ್ಬಕ್ಕೆ ಹಾಕಿ ಬಂದೆ. ಅವಳ ಉತ್ತರ ಹದಿನೆಂಟು ಪುಟ ಇತ್ತು.