ಕುಲಾವಿಯ ವಾಸನೆ

ಚನ್ನಗಿರಿಯ ನಮ್ಮ ಮನೆಯಲ್ಲಿ ಅವ್ವ ಮಕ್ಕಳಿಗೆ ಮುತ್ತು ಕೊಟ್ಟದ್ದು ನಾನು ಕಾಣೆ. ನೆತ್ತಿ ಮೂಸುತ್ತಿದ್ದಳು, ಅದೇ ಅವಳ ಮುದ್ದು. ನನ್ನ ತಂಗಿ ಅಂಬೆಗಾಲಿಡುವ ವಯಸ್ಸಿನಲ್ಲೇ ಜ್ವರ ಬಂದು ತೀರಿಕೊಂಡಾಗ, ಅವ್ವ ಅವಳ ಕುಲಾವಿಯನ್ನು ಒಗೆಯದೆ ಪೆಟ್ಟಿಗೆಯಲ್ಲಿಟ್ಟುಕೊಂಡಳು. ದಿನಾ ಅದನ್ನು ತೆಗೆದು ಮೂಸಿ, ಮತ್ತೆ ಮಡಿಸಿಡುವಳು. ಹರಳೆಣ್ಣೆ, ಬಜೆ, ಹಾಲು, ಎಲ್ಲ ಸೇರಿ ಕೂಸಿನದೇ ವಾಸನೆ.

ಮರುವರ್ಷ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಯಿತು. ಎದ್ದು ಓಡಾಡುವಂತಾದ ದಿನವೇ ಪೆಟ್ಟಿಗೆ ತೆರೆದಳು. ಕುಲಾವಿ ಮೂಸಿದವಳೇ ಹಿತ್ತಲಿಗೆ ಬಂದು ಅಜ್ಜಿಯ ಮೇಲೆ ಹರಿಹಾಯ್ದಳು.

"ಇದನ್ನ ಯಾಕೆ ಒಗೆದ್ರಿ ಅತ್ತೆ? ನನ್ನ ಕೂಸಿನ ವಾಸನೆ ಎಲ್ಲಿ ಹೋತು?"

"ನಾನು ಮುಟ್ಟೇ ಇಲ್ಲ ಕಣವ್ವ," ಎಂದರು ಅಜ್ಜಿ.

ನಾನು ಮೂಸಿ ನೋಡಿದೆ. ವಾಸನೆ ಹಾಗೇ ಇತ್ತು. ಹೇಳಿದರೆ ಅವ್ವ ನಂಬಬೇಕಲ್ಲ! ಅಜ್ಜಿಯೊಡನೆ ಮಾತೇ ಬಿಟ್ಟಳು. ಒಂದು ದಿನ ಹಾಲು ಸೀದ ವಾಸನೆ ಬೀದಿಗೆ ಬಂದರೂ ಒಲೆಗೆ ಬೆನ್ನು ಹಾಕಿ ಅಕ್ಕಿ ಆರಿಸುತ್ತ ಕೂತಿದ್ದಳು. ಆಗ ಅಪ್ಪನಿಗೆ ಅನುಮಾನ ಬಂತು.

ಆಸ್ಪತ್ರೆಯಲ್ಲಿ ಡಾಕ್ಟರು ಅವ್ವನ ಕಣ್ಣು ಮುಚ್ಚಿಸಿ ಕಾಫಿಪುಡಿ ಹಿಡಿದರು. ತಿಳಿಯಲಿಲ್ಲ. ಹೆಚ್ಚಿದ ಈರುಳ್ಳಿ ಹಿಡಿದಾಗ ಕಣ್ಣಲ್ಲಿ ನೀರು ಬಂತು. "ಬಂತ್ರೀ, ಬಂತು," ಅಂತ ಅವ್ವ ನಕ್ಕೇಬಿಟ್ಟಳು.

"ಅದು ಘಾಟು ತಾಯಿ, ವಾಸನೆ ಅಲ್ಲ. ಘಾಟು ತಿಳಿಸೋ ನರ ಬೇರೆ," ಎಂದರು ಡಾಕ್ಟರು. "ಮೂಗಿನ ಮೇಲ್ಗಡೆ ಜರಡಿಯಂಥ ಮೂಳೆ ಐತೆ. ವಾಸನೆಯ ನರದ ಎಳೆಗಳು ಅದರ ತೂತಿನಲ್ಲಿ ಹಾದು ಮಿದುಳಿಗೆ ಹೋಗ್ತವೆ. ಬಿದ್ದ ಪೆಟ್ಟಿಗೆ ಅವು ಹರಿದಿರಬೇಕು."

ಅವ್ವನನ್ನು ಒಂದು ಗಳಿಗೆ ನಗಿಸಿದ ಆ ಈರುಳ್ಳಿಯ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಮನೆಗೆ ಬಂದು ಅವ್ವ ಅಜ್ಜಿಯ ಕಾಲು ಹಿಡಿದು ಅತ್ತಳು. ಅಂದಿನಿಂದ ಕುಲಾವಿಯನ್ನು ನನ್ನ ಮೂಗಿಗೆ ಹಿಡಿಯುವುದು ಶುರುವಾಯಿತು.

"ಐತಾ?"

"ಐತವ್ವ."

"ಏನೇನೈತೆ, ಹೇಳು."

ನಾನು ಹೇಳುವೆ. ಅವ್ವ ಕಣ್ಣು ಮುಚ್ಚಿ ಕೇಳುವಳು.

ಕೆಲವು ವರ್ಷ ಕಳೆದ ಮೇಲೆ ನನ್ನನ್ನು ನ್ಯಾಮತಿಗೆ ಕೊಟ್ಟರು. ಹೊರಡುವ ಬೆಳಿಗ್ಗೆಯೂ ಅವ್ವ ಕುಲಾವಿ ತಂದಳು. ಅಷ್ಟರಲ್ಲಿ ಅದರಲ್ಲಿ ಪೆಟ್ಟಿಗೆಯ ಮರದ ವಾಸನೆ ಬಿಟ್ಟರೆ ಏನೂ ಉಳಿದಿರಲಿಲ್ಲ.

"ಹರಳೆಣ್ಣೆ, ಬಜೆ, ಹಾಲು," ಎಂದೆ.

ಅವ್ವ ಅದನ್ನು ಮಡಿಸಿ ನನ್ನ ಮಡಿಲಕ್ಕಿಯ ಮೇಲಿಟ್ಟಳು.

"ತಗಂಡು ಹೋಗು. ನನ್ನ ಹತ್ರ ಇದು ಬರೀ ಬಟ್ಟೆ. ನಿನ್ನ ಹತ್ರ ಆದ್ರೆ ಕೂಸು ಇರ್ತೈತೆ."