ಮೇಸ್ತ್ರಿ ಒಪ್ಪಿದ ಪರದೆ

ನನ್ನ ತಮ್ಮ ಫೋಟೋ ಸ್ಟುಡಿಯೋಗಳಿಗೆ ಪರದೆ ಬರೆಯುತ್ತಿದ್ದ. ಈಗ ಅಂಥ ಪರದೆಗಳಿಲ್ಲ. ಆಗ ಮದುವೆಯಾದವರು, ಕೆಲಸ ಸಿಕ್ಕವರು, ಮಗುವಿಗೆ ಹಲ್ಲು ಬಂದವರು ಎಲ್ಲರೂ ಅವನು ಬರೆದ ದಾರಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಎರಡು ಬದಿಗೂ ಕಂಬಗಳು, ನಡುವೆ ಕಿರಿದಾಗುತ್ತಾ ಹೋಗುವ ದಾರಿ. ಸರಿಯಾಗಿ ಬಂದರೆ ಬಟ್ಟೆಯೊಳಗೇ ನಡೆದುಬಿಡೋಣ ಅನಿಸುತ್ತಿತ್ತು.

ಹಜಾರದಲ್ಲಿ ಬಟ್ಟೆ ಹಾಸಿ ಬರೆಯುತ್ತಿದ್ದ. ಮನೆಯೆಲ್ಲ ಅಂಟಿನ ವಾಸನೆ. ಬರೆದದ್ದನ್ನು ಪರೀಕ್ಷೆ ಮಾಡುತ್ತಿದ್ದದ್ದು ಮಾತ್ರ ರೆಕ್ಕೆ ಮುರಿದು ನಮ್ಮ ಅಂಗಳಕ್ಕೆ ಬಿದ್ದಿದ್ದ ಒಂದು ಪಾರಿವಾಳ. ಅದಕ್ಕೆ ಮೇಸ್ತ್ರಿ ಅಂತಲೇ ಹೆಸರು. ಎರಡು ತುಂಡು ಬ್ರೆಡ್ ಹಾಕಿದರೆ ದೊಡ್ಡದನ್ನೇ ಮೊದಲು ಕುಕ್ಕುವ ಆಸೆಬುರುಕ. ತಮ್ಮ ಸಮನಾದ ಎರಡು ತುಂಡು ಕತ್ತರಿಸಿ, ಒಂದನ್ನು ದಾರಿ ಅಗಲವಾಗಿರುವಲ್ಲಿ, ಇನ್ನೊಂದನ್ನು ಕಿರಿದಾಗುವಲ್ಲಿ ಇಟ್ಟು, ಮೇಸ್ತ್ರಿಯನ್ನು ಪಕ್ಕದಿಂದ ಬಿಡುತ್ತಿದ್ದ. ದಾರಿ ನಿಜವೆಂದು ಕಣ್ಣು ನಂಬಿದರೆ ಕಿರಿದಾದ ಕಡೆ ಇಟ್ಟ ಆಚೆಯ ತುಂಡೇ ದೊಡ್ಡದಾಗಿ ಕಾಣುತ್ತದೆ. ಅಷ್ಟು ದೂರದಲ್ಲಿದ್ದೂ ಇಷ್ಟು ಕಂಡರೆ ಅದೆಷ್ಟು ದಪ್ಪ ಇರಬೇಕು ಎಂಬ ಲೆಕ್ಕ. ಮೇಸ್ತ್ರಿ ಅತ್ತ ಓಡಿದರೆ ಪರದೆ ಪಾಸು.

"ಕಣ್ಣಿರೋ ಜನ ಇಲ್ವೇನೋ ಮನೇಲಿ?" ಎಂದು ಅಮ್ಮ ಬೈಯುತ್ತಿದ್ದಳು.

"ಜನಕ್ಕೆ ದಾಕ್ಷಿಣ್ಯ ಇರುತ್ತಮ್ಮ. ಇದಕ್ಕೆ ಇರೋದು ಹೊಟ್ಟೆ ಒಂದೇ."

ಒಂದು ಸಲ ಬಣ್ಣಕ್ಕೆಂದು ಕಲಸುತ್ತಿದ್ದ ಸುಣ್ಣ ಸಿಡಿದು ಅವನ ಎಡಗಣ್ಣು ಹೋಯಿತು. ಲೋಟಕ್ಕೆ ನೀರು ಬಗ್ಗಿಸಿದರೆ ಪಕ್ಕಕ್ಕೆ ಬೀಳುತ್ತಿತ್ತು. ಸ್ಟುಡಿಯೋ ಯಜಮಾನರು ಕೆಟ್ಟವರಲ್ಲ, ಆದರೂ ಮನೆಗೇ ಬಂದು ಹೇಳಿದರು: "ಒಂದು ಪರದೆ ಬರ್ದು ತೋರ್ಸಪ್ಪ. ಸರಿ ಇದ್ರೆ ಕೆಲಸ ನಿಂದೇ. ಇಲ್ದಿದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ, ಬೇಜಾರು ಮಾಡ್ಕೋಬೇಡ."

ಬರೆದ. ಬಣ್ಣ ಒಣಗಿದ ಮೇಲೆ ನನ್ನನ್ನು ಕರೆದ.

"ಹೇಗಿದೆ ಅಕ್ಕ?"

"ಚೆನ್ನಾಗಿದೆ ಕಣೋ."

"ನಾನು ಗೋಡೆಗೆ ಮಸಿ ಬಳಿದ್ರೂ ನಿಂಗೆ ಚೆನ್ನಾಗೇ ಇರುತ್ತೆ."

ಮೇಸ್ತ್ರಿಯನ್ನು ಬಿಟ್ಟೆವು. ಅದು ಹಿಂದೆಮುಂದೆ ನೋಡದೆ ಈಚೆಯ ತುಂಡನ್ನು ಕುಕ್ಕಿತು.

"ಹಸಿವಾಗಿರ್ಬೇಕು, ಬಿಡು," ಎಂದೆ.

"ಹಸಿವಾದಾಗ್ಲೇ ಅದು ಇನ್ನೂ ದೊಡ್ಡದನ್ನ ಹುಡ್ಕೋದು ಅಕ್ಕ."

ಕುಕ್ಕರಗಾಲಲ್ಲಿ ಕೂತು ಕಂಬಗಳ ಬುಡವನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟಿ ನೋಡಿದ. ಆಮೇಲೆ ಒಂದು ನೂಲಿನ ತುದಿಯನ್ನು ದಾರಿ ಮುಗಿಯುವಲ್ಲಿ ಒತ್ತಿ ಹಿಡಿಯಲು ನನಗೆ ಹೇಳಿ, ಇನ್ನೊಂದು ತುದಿಯನ್ನು ಕಂಬಗಳ ಬುಡಕ್ಕೆ ಎಳೆದು ನೋಡಿದ. ಬಲಗಡೆಯವು ನೂಲಿಗೆ ಸರಿಯಾಗಿ ಕೂತವು. ಎಡಗಡೆಯವು ಕೂರಲಿಲ್ಲ.

"ನೋಡು, ಈ ಸಾಲು ಬೇರೆ ಊರಿಗೇ ಹೊರಟುಬಿಟ್ಟಿದೆ," ಎಂದ. ಕಣ್ಣು ಹೋದಮೇಲೆ ಅವನು ಆಡಿದ ಮೊದಲ ತಮಾಷೆ ಅದು. ನನ್ನ ಬೆರಳು ಜೋಮು ಹಿಡಿದರೂ ನೂಲು ಬಿಡಲಿಲ್ಲ. ಒಂದೊಂದೇ ಕಂಬ ಅಳಿಸಿ ಮತ್ತೆ ಬರೆದ.

ಎರಡನೆಯ ಸಲ ಮೇಸ್ತ್ರಿ ಓಡಲಿಲ್ಲ. ನಿಂತು, ತಲೆ ಓರೆ ಮಾಡಿ, ಒಂದೇ ಕಣ್ಣಲ್ಲಿ ಪರದೆಯನ್ನು ನೋಡಿತು. ಆಮೇಲೆ ಗುಡುಗುಡು ಹೋಗಿ ಆಚೆಯ ತುಂಡಿಗೆ ಎಂಥ ಕುಕ್ಕು ಕೊಟ್ಟಿತೆಂದರೆ ಕೆಳಗಿನ ಬಣ್ಣವೇ ಎದ್ದಿತು.

"ಕಂಡ್ಯಾ ಅಕ್ಕ? ಮೇಸ್ತ್ರಿನೂ ನೋಡೋದು ಒಂದು ಕಣ್ಣಲ್ಲೇ."

ಯಜಮಾನರು ಪರದೆಯನ್ನು ಗೋಡೆಗೆ ಒರಗಿಸಿ ನೋಡಿದರು, ಸುತ್ತಿ ಹೆಗಲಿಗೇರಿಸಿದರು. ಬಾಗಿಲಲ್ಲಿ ತಿರುಗಿ, "ಮುಂದಿನದು ಸ್ವಲ್ಪ ಬೇಗ ಕೊಡಪ್ಪ," ಎಂದರು.

ತಮ್ಮ ಹೋಗಿ ಬಹಳ ಕಾಲವಾಯಿತು. ಆ ಪರದೆಯ ಮುಂದೆ ನಾವಿಬ್ಬರೂ ನಿಂತ ಫೋಟೋ ನನ್ನ ಬಳಿ ಇದೆ. ದಾರಿಯ ತುದಿಯಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ, ಮೇಸ್ತ್ರಿ ಕುಕ್ಕಿದ ಜಾಗ. ಅದಕ್ಕೆ ಬಣ್ಣ ಹಚ್ಚಲು ತಮ್ಮ ಒಪ್ಪಲೇ ಇಲ್ಲ. ನೋಡಿದವರು ದೂರದಲ್ಲಿ ಯಾರದೋ ಮನೆಯ ದೀಪ ಎನ್ನುತ್ತಾರೆ. ನಾನೂ ಹೌದೆನ್ನುತ್ತೇನೆ.