ಪ್ಲಗ್ ಕಿತ್ತ ಮೇಲೂ ಉಳಿದ ಸೀರೆಯಂಚು

ಆಯುಧಪೂಜೆಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಹೊರಗೆ ಬಂದರೆ, ಅಪ್ಪ ನನ್ನ ಕಂಪ್ಯೂಟರಿನ ಪ್ಲಗ್ ಕೀಳುತ್ತಿದ್ದಾನೆ! ಬೆರಳಲ್ಲಿ ಗಂಧ. ಮಗ್ಗಕ್ಕೂ ಲಾಳಿಗೂ ಬೊಟ್ಟಿಟ್ಟು ಇದರ ಹತ್ತಿರ ಬಂದಿದ್ದ. ಅವತ್ತು ನಮ್ಮಂಥ ನೇಕಾರರ ಮನೆಯಲ್ಲಿ ಯಾವ ಆಯುಧವೂ ಓಡಬಾರದು. ಬೊಟ್ಟು ಬಿದ್ದ ಮೇಲೆ ಮರುದಿನದವರೆಗೆ ಮುಟ್ಟಲೂಬಾರದು.

ಪೆರಿಯನಾಯಕನಪಾಳ್ಯದ ವರ್ಕ್‌ಷಾಪಿನಲ್ಲಿ ದುಡಿಯುತ್ತಿದ್ದ ಅಣ್ಣ ಆ ಕಂಪ್ಯೂಟರನ್ನು ಹಳೆಯದಾಗಿ ಕೊಂಡು ತಂದಿದ್ದ. ಅದನ್ನು ಟಿವಿಗೆ ಸಿಕ್ಕಿಸಿ, ಹದಿನೈದು ದಿನ ಕೂತು ಒಂದು ಸೀರೆಯಂಚು ಬರೆದಿದ್ದೆ. ನನ್ನ ಮೊದಲ ಸ್ವಂತ ಅಂಚು. "ಟಿವಿಲಿ ನೇಯ್ದ ಸೀರೆ ಯಾರ್ ಉಡ್ತಾರೆ ಕಣ್ಣು?" ಎಂದು ಅಪ್ಪ ದಿನಾ ಕಾಡಿಸುತ್ತಿದ್ದ. ತಮಿಳರ ನಡುವೆಯೇ ಬೆಳೆದವನು, ಮುದ್ದಿಗೆ ನನ್ನನ್ನು ಕರೆಯುತ್ತಿದ್ದುದೇ 'ಕಣ್ಣು' ಎಂದು. ಆಗೆಲ್ಲ ಕಂಪ್ಯೂಟರಿನ ಕೆಲಸವನ್ನು ಉಳಿಸಿಡುತ್ತಿದ್ದುದು ಹಾಡಿನ ಕ್ಯಾಸೆಟ್ಟಿನಲ್ಲೇ. ಅಂಚನ್ನು ತುಂಬಿಟ್ಟಿದ್ದ ಕ್ಯಾಸೆಟ್ಟಿನ ಟೇಪನ್ನು ಹಿಂದಿನ ದಿನವಷ್ಟೇ ರೆಕಾರ್ಡರು ನುಂಗಿಹಾಕಿತ್ತು. ಅಣ್ಣ ಹೊಸ ಕ್ಯಾಸೆಟ್ ತರುವವರೆಗೆ ಆರಿಸಬಾರದೆಂದು ಹಾಗೇ ಬಿಟ್ಟು ಸ್ನಾನಕ್ಕೆ ಹೋಗಿದ್ದೆ.

"ಐಯೋ ಅಪ್ಪಾ, ಎಲ್ಲಾ ಹೋಯ್ತು!"

ಕಿರುಚುತ್ತಲೇ ಪ್ಲಗ್ ಕಸಿದು ಮತ್ತೆ ಸಿಕ್ಕಿಸಿದೆ. ಒಮ್ಮೆ ಕರೆಂಟು ಹೋಗಿ ಕ್ಷಣದಲ್ಲೇ ಬಂದಾಗ ಹಳೆಯ ಚಿತ್ರ ಪರದೆಯಲ್ಲಿ ಉಳಿದದ್ದನ್ನು ನೋಡಿದ್ದೆ. ಚಿತ್ರದ ಮೆಮೊರಿ ಆರಿಸಿದ ಮೇಲೂ ಒಂದೆರಡು ಕ್ಷಣ ಜೀವ ಹಿಡಿದುಕೊಂಡಿರುತ್ತದೆ.

ಪರದೆ ಬೆಳಗಿತು. ಇತ್ತು! ನನ್ನ ಅಂಚು ಇತ್ತು! ಆದರೆ ಮೈಮೇಲೆಲ್ಲ ಎಳ್ಳು ಚೆಲ್ಲಿದ ಹಾಗೆ ಚುಕ್ಕಿಗಳು. ಒಂದು ಕೀಲಿ ಒತ್ತಿದರೂ ಚಿತ್ರ ಅಳಿಸಿಹೋಗುತ್ತಿತ್ತು. ಕಾಗದಕ್ಕೆ ಇಳಿಸಿಕೊಳ್ಳುವುದೊಂದೇ ದಾರಿ. ಯಾವ ಚುಕ್ಕಿ ನನ್ನದು, ಯಾವುದು ಸುಳ್ಳು? ನನಗೇ ಗೊತ್ತಾಗಲಿಲ್ಲ; ಅಳು ಬಂತು.

ಬೈಯಲು ಬಾಯಿ ತೆರೆದ ಅಪ್ಪ ಪರದೆಯನ್ನು ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತ.

"ಅಲ್ಲೊಂದ್ ಪುಳ್ಳಿ ಬಿದ್ದೋಗಿದೆ. ಇಲ್ದಿದ್ರೆ ನೂಲು ಇಷ್ಟ್ ದೂರ ತೇಲಿ ಉಟ್ಟೋರ್ ಬಳೆಗೆ ಸಿಕ್ಕೊಂಡು ಹರೀತದೆ. ಈ ಪುಳ್ಳಿ ಸುಳ್ಳು, ಬಿಡು. ಗ್ರಾಫ್ ಪೇಪರ್ ತಗೊಂಡ್ ಬಾ, ಸೀಕ್ರ!"

ಚುಕ್ಕಿ ಅವನ ಬಾಯಲ್ಲಿ ಪುಳ್ಳಿ. ಮಗ್ಗದ ಮುಂದೆ ಓದುವ ಹಾಗೆಯೇ ಸಾಲು ಸಾಲಾಗಿ ಓದತೊಡಗಿದ. ಮೂರು ಎಳೆ ಎತ್ತು, ಎರಡು ಬಿಡು, ಒಂದು ಎತ್ತು. ನಾನು ಚೌಕ ತುಂಬುತ್ತಾ ಹೋದೆ. ಕನ್ನಡ ಅಕ್ಷರ ಬಾರದ ನನ್ನಪ್ಪ ನನ್ನ ಅಂಚನ್ನು ನೀರು ಕುಡಿದಷ್ಟು ಸಲೀಸಾಗಿ ಓದುತ್ತಿದ್ದ! ಖುಷಿಗೆ ನನ್ನ ಪೆನ್ಸಿಲ್ ಎರಡು ಸಲ ಮುರಿಯಿತು.

"ಒಳ್ಳೇ ನೇರ ಮುಗೀತಾ ಬಂತು, ಅಪ್ಪ ಮಗಳಿಗೆ ಬುದ್ಧಿ ಬ್ಯಾಡ್ವಾ?" ಪೂಜೆಯ ಮುಹೂರ್ತ ಮೀರುತ್ತದೆಂದು ಅಡುಗೆಮನೆಯಿಂದ ಅಮ್ಮ ಕೂಗಿದಳು.

"ಇರು ಇರು, ಹೂವಿನ್ ತಾವ ಇದೀವಿ" ಎಂದ ಅಪ್ಪ.

ಆ ಹೂವಿನ ಹತ್ತಿರ ಅವನ ಬೆರಳು ನಿಂತಿತು. ನಮ್ಮ ಮನೆಯ ಯಾವ ಅಂಚಿನಲ್ಲೂ ಇಲ್ಲದ ಒಂದು ತಿರುವು ಅಲ್ಲಿತ್ತು.

"ಇದು ನಿನ್ ತಪ್ಪಾ, ಟಿವಿ ತಪ್ಪಾ?"

"ನಾನೇ ಇಟ್ಟದ್ದಪ್ಪಾ."

ಅಪ್ಪ ಆ ತಿರುವಿನ ಉದ್ದಕ್ಕೂ ಬೆರಳಾಡಿಸಿದ. "ಚೆನ್ನಾಗೈತೆ. ಇರ್ಲಿ."

ಕೊನೆಯ ಸಾಲು ಮುಗಿಯುವಷ್ಟರಲ್ಲಿ ಬೆರಳಿನ ಗಂಧ ಒಣಗಿತ್ತು. ನೀರು ತಾಕಿಸಿ, ಇನ್ನೂ ಆರಿಸದ ಕಂಪ್ಯೂಟರಿಗೇ ಬೊಟ್ಟಿಟ್ಟ. ನಮ್ಮ ಮನೆಯಲ್ಲಿ ಓಡುತ್ತಿರುವಾಗಲೇ ಬೊಟ್ಟು ಪಡೆದ ಆಯುಧ ಅದೊಂದೇ.

"ಈಗ ಆರ್ಸು ಕಣ್ಣು. ಪಾಪ, ಅದ್ಕೂ ಇವತ್ತು ರಜೆ."

ಈ ಸಲ ಪ್ಲಗ್ ಕಿತ್ತವಳು ನಾನೇ.